ಎಡೆಯ ದಿನ ಎಲ್ಲಿ ನಿಲ್ಲಲಿ?

ಅಕ್ಕ ಹಾಸನದಲ್ಲಿ ವಕೀಲೆ. ತಮ್ಮ ಬೆಂಗಳೂರಿನಲ್ಲಿ ಇಂಜಿನಿಯರ್. ಊರು ಚನ್ನರಾಯಪಟ್ಟಣದ ಕಡೆ. ತೆಂಗು, ರಾಗಿ ಬೆಳೆಯುವ ಒಕ್ಕಲುತನದ ಮನೆ. ತಮ್ಮ ಕಾಲೇಜಿನಲ್ಲಿದ್ದಾಗ ಕ್ರೈಸ್ತ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿ, 2022ರ ಫೆಬ್ರವರಿಯಲ್ಲಿ ದೀಕ್ಷಾಸ್ನಾನ ಪಡೆದ. ಮುಂಚೆಯೇ ಮನೆಯಲ್ಲಿ ಹೇಳಿಯೇ ಪಡೆದ. ಅದಾದ ಮೇಲೆ ಒಮ್ಮೆ ಊರಿಗೆ ಹೋಗಿ ಬಂದವನು ಮತ್ತೆ ಹೋಗಿಲ್ಲ. ಈಗ ಪಿತೃಪಕ್ಷ ಹತ್ತಿರ ಬಂದಿದೆ.

ಇಬ್ಬರೂ ನನಗೆ ಬೇಕಾದವರು. ಮತಾಂತರ ಎಂದೊಡನೆ ನಮ್ಮಲ್ಲಿ ಮಾತು ಹೋಗುವುದು ಪೊಲೀಸ್ ಠಾಣೆಗೆ, ಇಲ್ಲವೇ ಪಕ್ಷದ ಕಚೇರಿಗೆ. ಮನೆಯೊಳಗೆ ಅದು ಏನು ಮಾಡುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಅದಕ್ಕೇ ಇವರ ಮಾತನ್ನು ಹೆಸರು ಬಿಟ್ಟು ಬರೆದಿಡುತ್ತಿದ್ದೇನೆ.

ಅಕ್ಕ: ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ಅಮಾವಾಸ್ಯೆಗೆ ಊರಿಗೆ ಬರ್ತೀಯೋ ಇಲ್ವೋ, ಅಷ್ಟು ಹೇಳು.

ತಮ್ಮ: ಬರಬೇಕು ಅಂತ ತುಂಬಾ ಆಸೆ ಇದೆ ಕಣಕ್ಕ. ಬಂದು ಏನು ಮಾಡಲಿ ಅನ್ನೋದೇ ತಿಳೀತಿಲ್ಲ.

ಅಕ್ಕ: ಎಲ್ಲರೂ ಏನು ಮಾಡ್ತಾರೋ ಅದನ್ನೇ ಮಾಡು. ತೋಟದಿಂದ ಬಾಳೆ ಎಲೆ ತಾ. ಅವ್ವ ಕಜ್ಜಾಯ ಸುಡುವಾಗ ಒಲೆಗೆ ಸೌದೆ ಒಟ್ಟು. ಧೂಪ ಹಾಕು, ಅಡ್ಡ ಬೀಳು, ಉಣ್ಣು.

ತಮ್ಮ: ಎಲೆ ತರ್ತೀನಿ, ಸೌದೆ ಒಟ್ಟುತೀನಿ. ಧೂಪ ಹಾಕಿ ಅಡ್ಡ ಬೀಳೋದು ನನ್ನಿಂದ ಆಗಲ್ಲ.

ಅಕ್ಕ: ಯಾರಿಗೆ ಅಡ್ಡ ಬೀಳಲ್ಲ ಅಂತಿದ್ದೀಯ, ಅದನ್ನ ಯೋಚನೆ ಮಾಡಿದ್ದೀಯಾ? ಅಜ್ಜನಿಗೆ. ನಿನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೇಮಾವತಿ ನಾಲೆ ತೋರಿಸಿದ ಅಜ್ಜನಿಗೆ. ಎಡೆಯಲ್ಲಿ ಅವನಿಗೆ ಅಂತ ಮುದ್ದೆ, ಕೋಳಿ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಡ್ತೀವಲ್ಲ, ಅದು ಯಾವ ವಿಗ್ರಹ ಹೇಳು? ಬೀಡಿ ಇಲ್ಲದೆ ಅಜ್ಜನಿಗೆ ಊಟ ಇಳೀತಿರಲಿಲ್ಲ, ಅದು ನಮಗೆ ನೆನಪಿದೆ, ಅಷ್ಟೇ. ಎಡೆ ಇಟ್ಟು ಬಾಗಿಲು ಮುಂದಕ್ಕೆಳೆದು ನಾವೆಲ್ಲ ಜಗಲಿಯಲ್ಲಿ ಸುಮ್ಮನೆ ನಿಂತಿರ್ತೀವಿ. ಒಳಗೆ ಅವರು ಉಣ್ಣಲಿ ಅಂತ. ಹೋದ ವರ್ಷ ಅಪ್ಪ ಆ ಹೊತ್ತಿನಲ್ಲಿ ತಿರುಗಿ ತಿರುಗಿ ರಸ್ತೆ ನೋಡ್ತಿದ್ರು.

ತಮ್ಮ: ಇದನ್ನ ನೀನು ಫೋನಲ್ಲಿ ಹೇಳಲಿಲ್ಲ.

ಅಕ್ಕ: ಹೇಳಿದ್ರೆ ಬರ್ತಿದ್ದೆಯಾ? ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದು ನೀನು ಮತ ಬಿಟ್ಟದ್ದಕ್ಕಲ್ಲ. ಆ ವಿಡಿಯೋ ನೋಡಿ ಬಂತು. ನಿಮ್ಮ ಸಭೆಯ ವಾರ್ಷಿಕೋತ್ಸವದ್ದು. ಚಿಕ್ಕಪ್ಪನ ಮಗನಿಗೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ನಿಮ್ಮ ಪಾಸ್ಟರ್ ನಿನ್ನ ಹೆಗಲ ಮೇಲೆ ಕೈಯಿಟ್ಟು ಹೇಳ್ತಾರೆ, ಈ ಹುಡುಗ ಅಂಧಕಾರದ ಮನೆಯಿಂದ ಬಂದವನು ಅಂತ. ಅವ್ವ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಸಂಜೆ ದೀಪ ಹಚ್ಚದೆ ಒಂದು ದಿನವೂ ಅನ್ನದ ತಟ್ಟೆ ಮುಟ್ಟದವಳು ಅವಳು. ಅದು ಕತ್ತಲೆ ಮನೆಯೇನೋ?

ತಮ್ಮ: ಆ ಮಾತು ನಾನು ಆಡಲಿಲ್ಲ.

ಅಕ್ಕ: ನೀನು ಪಕ್ಕದಲ್ಲಿ ನಿಂತಿದ್ದೆ.

ತಮ್ಮ: ನಿಂತಿದ್ದೆ. ಮಾರನೇ ದಿನ ಪಾಸ್ಟರಿಗೆ ಹೇಳಿದೆ, ನನ್ನ ಮನೆ ಬಗ್ಗೆ ಹಾಗೆ ಅನ್ನಬೇಡಿ ಅಂತ. ಅವರು ಒಳ್ಳೇ ಮನುಷ್ಯರು, ಒಪ್ಪಿಕೊಂಡರು. ಆದರೆ ವಿಡಿಯೋ ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು. ಅಕ್ಕ, ಕತ್ತಲೆ ಇತ್ತು, ಅದು ನಿಜ. ಅದು ನಮ್ಮ ಮನೆಯದಲ್ಲ. ನನ್ನದು, ಹಾಸ್ಟೆಲಿನದು.

ಅಕ್ಕ: ಏನು ಹಾಗಂದ್ರೆ?

ತಮ್ಮ: ಯಾರಿಗೂ ಹೇಳಿರಲಿಲ್ಲ. ಮೂರನೇ ವರ್ಷದಲ್ಲಿದ್ದಾಗ ನಾವು ಆರೇಳು ಜನ ಸೇರಿ ಒಬ್ಬ ಜೂನಿಯರ್ ಹುಡುಗನಿಗೆ ಕಾಟ ಕೊಟ್ವಿ. ರಾಯಚೂರು ಕಡೆಯವನು. ಅವನ ಮಾತಿನ ಧಾಟಿ ಹಿಡಿದು ನಗೋದು, ರಾತ್ರಿ ಎಬ್ಬಿಸಿ ಬಟ್ಟೆ ಒಗೆಸೋದು, ಹೇಳಬಾರದ್ದೆಲ್ಲ ಹೇಳಿಸೋದು. ಮುಂದೆ ನಿಂತು ಮಾಡಿದವನು ನಾನೇ. ಒಂದು ದಿನ ಅವನು ಟ್ರಂಕ್ ಹೊತ್ತುಕೊಂಡು ಹೊರಟುಹೋದ. ಅವರಪ್ಪ ಬಂದಿದ್ದರು, ಕಾಲಿಗೆ ಹವಾಯಿ ಚಪ್ಪಲಿ, ಹೆಗಲ ಮೇಲೆ ಟವಲ್. ಗೇಟ್ ಹತ್ತಿರ ನನ್ನನ್ನೇ ಕೇಳಿದರು, ‘ತಮ್ಮಾ, ಬಸ್ ಸ್ಟ್ಯಾಂಡಿಗೆ ಯಾ ಕಡೆ ಹೋಗಬೇಕು’ ಅಂತ. ನಾನು ದಾರಿ ತೋರಿಸಿದೆ. ಅವನು ಮತ್ತೆ ಓದಿದನೋ ಇಲ್ಲವೋ ಗೊತ್ತಿಲ್ಲ. ಹುಡುಕಿದೆ, ಸಿಗಲಿಲ್ಲ.

ಅಕ್ಕ: ಇದನ್ನ ನನ್ನ ಹತ್ತಿರ ಹೇಳಬಹುದಿತ್ತು.

ತಮ್ಮ: ನೀನು ನನ್ನನ್ನ ಒಳ್ಳೆಯವನು ಅಂದುಕೊಂಡಿದ್ದೆ.

ಅಕ್ಕ: ಧರ್ಮಸ್ಥಳಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿ ಬಂದಿದ್ದರೆ ಆಗ್ತಿರಲಿಲ್ವಾ? ನಮ್ಮವರು ಅದನ್ನೇ ಅಲ್ವಾ ಮಾಡೋದು?

ತಮ್ಮ: ಹಾಕಿದೆ. ಮಂಜುನಾಥನ ಬಗ್ಗೆ ನಾನು ಹಗುರವಾಗಿ ಮಾತಾಡಲ್ಲ. ಎಷ್ಟೋ ಜನಕ್ಕೆ ಅಲ್ಲಿ ಮನಸ್ಸು ಹಗುರ ಆಗಿದೆ. ನನಗೆ ಆಗಲಿಲ್ಲ. ಆಮೇಲೆ ರೂಮಿನ ಗೆಳೆಯ ಇವ್ಯಾಂಜೆಲಿಕಲ್ ಯೂನಿಯನ್ ಕೂಟಕ್ಕೆ ಕರೆದುಕೊಂಡು ಹೋದ. 1954ರಿಂದ ನಮ್ಮ ದೇಶದ ಕಾಲೇಜುಗಳಲ್ಲಿ ನಡೀತಿರೋದು ಅದು. ಹತ್ತು ಹನ್ನೆರಡು ಹುಡುಗರು, ಒಂದು ಗಿಟಾರು, ಚಹಾ, ಬಿಸ್ಕತ್ತು, ಅಷ್ಟೇ. ದುಡ್ಡು, ಕೆಲಸ, ಏನೂ ಕೊಡಲಿಲ್ಲ. ಅವತ್ತು ಓದಿದ್ದು ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ. ನಾಲ್ಕು ಜನ ಚಾವಣಿ ತೆಗೆದು ಪಾರ್ಶ್ವವಾಯು ಆದವನನ್ನ ಕೆಳಗಿಳಿಸ್ತಾರೆ. ಯೇಸು ಅವನ ಕಾಲು ವಾಸಿ ಮಾಡೋದಕ್ಕೆ ಮೊದಲು ಪಾಪ ಕ್ಷಮಿಸ್ತಾನೆ. ಸುತ್ತ ಕೂತವರು ಸಿಟ್ಟಾಗ್ತಾರೆ, ಇವನು ಯಾರು ಕ್ಷಮಿಸೋಕೆ ಅಂತ. ನನಗೂ ಅದೇ ಪ್ರಶ್ನೆ ಬಂತು. ಹಗಲೂ ರಾತ್ರಿ ಅದೇ ಪ್ರಶ್ನೆ ಹೊತ್ತು ತಿರುಗಿದೆ. ಕೊನೆಗೆ, ಇವನಿಗೆ ಆ ಅಧಿಕಾರ ಇದೆ ಅಂತ ನಂಬಿದೆ. ಪವಾಡ ಏನೂ ಆಗಲಿಲ್ಲ. ಮಾರನೇ ದಿನ ನಮ್ಮ ಗುಂಪಿನವರ ಮುಂದೆ ಬಾಯಿಬಿಟ್ಟು ಹೇಳೋಕೆ ಆಯ್ತು, ನಾವು ಮಾಡಿದ್ದು ಪಾಪ ಅಂತ.

ಅಕ್ಕ: ಸರಿ. ನಂಬಿದೆ. ನಂಬಿಕೊಂಡಿರು. ಅವ್ವ ಏನಂದಳು ನೆನಪಿದೆಯಾ? ದೇವರ ಮನೆಯಲ್ಲಿ ಮಂಜುನಾಥ, ಬೇಲೂರು ಚೆನ್ನಿಗರಾಯ, ನಮ್ಮ ಮನೆದೇವರು, ಎಲ್ಲ ಇದ್ದಾರೆ, ನಿಮ್ಮ ಯೇಸುಸ್ವಾಮಿದೂ ಒಂದು ಪಟ ತಾ, ಅರಿಶಿನ ಕುಂಕುಮ ಇಟ್ಟು ನಾನೇ ದೀಪ ಹಚ್ತೀನಿ ಅಂದಳು. ಅಷ್ಟು ದೊಡ್ಡ ಮನಸ್ಸು ಯಾರಿಗೆ ಇರುತ್ತೆ? ನೀನು ಬೇಡ ಅಂದೆ. ನಿನಗೆ ಏಟು ಬಿದ್ದದ್ದಕ್ಕಿಂತ ಆ ‘ಬೇಡ’ ಅನ್ನೋದೇ ನಮ್ಮ ಮನೆಯನ್ನ ಹೆಚ್ಚು ಒಡೆದದ್ದು.

ತಮ್ಮ: ಅದು ನನಗೆ ಗೊತ್ತು. ಅವ್ವ ತನ್ನ ಹತ್ತಿರ ಇದ್ದ ಅತಿ ಒಳ್ಳೇದನ್ನ ಕೊಡೋಕೆ ಬಂದಳು, ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಆದರೆ ಹೂಂ ಅಂದಿದ್ದರೆ ಅವಳಿಗೆ ಸುಳ್ಳು ಹೇಳಿದಂತೆ ಆಗ್ತಿತ್ತು. ಹತ್ತರ ಜೊತೆ ಹನ್ನೊಂದನೆಯವನಾಗಿ ನಾನು ಯೇಸುವನ್ನ ನಂಬಿಲ್ಲ. ನೀನೇ ಹೇಳು, ನಾನು ಅವಳ ಮುಂದೆ ಒಂದು, ಸಭೆಯಲ್ಲಿ ಒಂದು ಅಂತ ಇದ್ದಿದ್ದರೆ ನಿನಗೆ ಇಷ್ಟ ಆಗ್ತಿತ್ತಾ?

ಅಕ್ಕ: ಇಷ್ಟ ಆಗ್ತಿರಲಿಲ್ಲ. ಮನೆ ಉಳೀತಿತ್ತು.

ತಮ್ಮ: ಆ ಸಲ ಊರಿಗೆ ಬಂದಾಗ ಚಿಕ್ಕಪ್ಪ ಬೆಲ್ಟ್ ತೆಗೆದ್ರು, ಅಪ್ಪ ಎದ್ದು ಹೊರಗೆ ಹೋದ್ರು. ಎರಡು ದಿನ ಅಟ್ಟದ ಕೋಣೆಯಲ್ಲಿ ಕೂಡಿಹಾಕಿದ್ರು, ಫೋನ್ ಕಿತ್ತುಕೊಂಡ್ರು. ನನ್ನ ಸತ್ಯವೇದವನ್ನ, ಅಂದ್ರೆ ಬೈಬಲನ್ನ, ಅವ್ವನ ಕೈಯಿಂದಲೇ ಹಂಡೆ ಒಲೆಗೆ ಹಾಕಿಸಿದ್ರು. ಅದು ಸರಿ ಅಂತೀಯಾ?

ಅಕ್ಕ: ಇಲ್ಲ. ಚಿಕ್ಕಪ್ಪನ ಮುಖಕ್ಕೇ ಹೇಳಿದ್ದೀನಿ. ಇಪ್ಪತ್ತು ದಾಟಿದ ಮಗನನ್ನ ಕೂಡಿಹಾಕೋದು ಅಪರಾಧ, ಅಪ್ಪ ಅಮ್ಮ ಮಾಡಿದರೂ ಅಪರಾಧ. ದುಃಖ ಪಡೋ ಹಕ್ಕು ಅವರಿಗಿದೆ, ಹೊಡೆಯೋ ಹಕ್ಕಿಲ್ಲ. ಇದರಲ್ಲಿ ನಾನು ಎರಡು ಮಾತಾಡಲ್ಲ.

ತಮ್ಮ: ಬೆಂಗಳೂರಿಗೆ ವಾಪಸ್ ಬಂದಾಗ ಸಭೆಯಲ್ಲಿ ಕೆಲವರು ಕೈ ಕುಲುಕಿದ್ರು. ಕರ್ತನಿಗೋಸ್ಕರ ಹಿಂಸೆ ಅನುಭವಿಸಿದವನು, ಧನ್ಯ ಅಂದ್ರು. ಮನೆಯವರ ವಿರೋಧ ಸೈತಾನನ ಕೆಲಸ ಅಂತ ಒಬ್ಬರು ಪ್ರಾರ್ಥನೆ ಮಾಡಿದ್ರು. ನನಗೆ ಆಮೆನ್ ಅನ್ನೋಕೆ ಬಾಯಿ ಬರಲಿಲ್ಲ. ಒಲೆ ಮುಂದೆ ಕೂತು ಹಾಳೆ ಹಾಳೆ ಹರಿದು ಹಾಕ್ತಾ ಅವ್ವ ಅಳ್ತಿದ್ದಳು ಅಕ್ಕ. ಹೊಗೆಗೆ ಅಂತ ಸೆರಗಲ್ಲಿ ಕಣ್ಣು ಒರೆಸಿಕೊಳ್ತಿದ್ದಳು. ಅವಳು ಮಗನನ್ನ ಉಳಿಸಿಕೊಳ್ಳೋಕೆ ನೋಡ್ತಿದ್ದಳು. ಅದು ಸೈತಾನನ ಕೆಲಸ ಆಗಿದ್ದರೆ, ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು ಯಾರ ಕೆಲಸ? ಸಾಧು ಸುಂದರ ಸಿಂಗ್ ಅಂತ ಪಂಜಾಬಿನ ಸಿಖ್ಖರ ಹುಡುಗ ಇದ್ದನಲ್ಲ, 1904ರಲ್ಲಿ ಅವನೇ ಸತ್ಯವೇದವನ್ನ ಬೆಂಕಿಗೆ ಹಾಕಿದವನು. ಮಾರನೇ ವರ್ಷ ಶಿಮ್ಲಾದಲ್ಲಿ ದೀಕ್ಷಾಸ್ನಾನ ತಗೊಂಡ. ಪುಸ್ತಕ ಸುಟ್ಟವರನ್ನ ನಾನು ಶತ್ರು ಅಂತ ಲೆಕ್ಕ ಹಾಕೋಕಾಗಲ್ಲ.

ಅಕ್ಕ: ಈಗ ನಾನು ಒಂದು ವಿಷಯ ಹೇಳ್ತೀನಿ. ಅಪ್ಪ ಹೇಳಬೇಡ ಅಂದಿದ್ದರು. ನೀನು ದೀಕ್ಷಾಸ್ನಾನ ತಗೊಂಡ ವರ್ಷವೇ ಮತಾಂತರದ ಮೇಲೆ ಸರ್ಕಾರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂತು, ಸೆಪ್ಟೆಂಬರಿನಲ್ಲಿ ಅದೇ ಕಾಯಿದೆ ಆಯ್ತು. ಅದರಲ್ಲಿ ಮತಾಂತರ ಆದವನ ತಂದೆ, ತಾಯಿ, ಒಡಹುಟ್ಟಿದವರು, ನೆಂಟರು, ಜೊತೆಗೆ ಕೆಲಸ ಮಾಡೋರು ಕೂಡ ದೂರು ಕೊಡಬಹುದು. ಬಲವಂತ ಇರಲಿಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿ ಮೇಲೆ. ಸಾಮಾನ್ಯ ಪ್ರಕರಣದಲ್ಲೇ ಮೂರರಿಂದ ಐದು ವರ್ಷ ಜೈಲು. ನಿನ್ನ ದೀಕ್ಷಾಸ್ನಾನ ಅದಕ್ಕೆ ಮುಂಚೆ ಆಗಿತ್ತು, ಹಾಗಾಗಿ ನ್ಯಾಯವಾಗಿ ಅದು ಯಾರಿಗೂ ತಟ್ಟಬಾರದು. ಆದರೆ ಕೆಲವರಿಗೆ ಆ ಲೆಕ್ಕ ಬೇಕಿರಲಿಲ್ಲ. ಅರ್ಜಿ ಟೈಪ್ ಮಾಡಿಸಿಕೊಂಡೇ ನಮ್ಮ ಜಗಲಿಗೆ ಬಂದರು. ನಿಮ್ಮ ಮಗನಿಗೆ ಆಸೆ ತೋರಿಸಿ ಮತಾಂತರ ಮಾಡಿದ್ದಾರೆ, ಪಾಸ್ಟರನ್ನ ಒಳಗೆ ಹಾಕಿಸೋಣ, ನೀವು ಇಲ್ಲಿ ಸಹಿ ಹಾಕಿ ಅಂದರು.

ತಮ್ಮ: ಅಪ್ಪ?

ಅಕ್ಕ: ಕನ್ನಡಕ ತರಿಸಿ ಪೂರ್ತಿ ಓದಿದರು. ಓದಿ, ‘ಆಸೆ ತೋರಿಸಿದ್ರು ಅಂತ ಬರೆದಿದ್ದೀರ, ನನ್ನ ಮಗ ಆಸೆಬುರುಕ ಅಲ್ಲ’ ಅಂದ್ರು. ಹಾಳೆ ಮಡಚಿ ವಾಪಸ್ ಕೊಟ್ಟರು. ಆ ಹೊತ್ತಿಗೆ ನಿನ್ನ ಹೆಸರು ಮನೆಯಲ್ಲಿ ಯಾರೂ ಎತ್ತಬಾರದು ಅಂತ ಅವರೇ ಹೇಳಿ ನಾಲ್ಕು ತಿಂಗಳಾಗಿತ್ತು.

ತಮ್ಮ: …

ಅಕ್ಕ: ಅಳಬೇಡ. ಅಳೋಕೆ ಹೇಳಿದ್ದಲ್ಲ. ನಿಮ್ಮ ಸಭೆಯಲ್ಲಿ ಸಾಕ್ಷಿ ಹೇಳುವಾಗ ನಮ್ಮನ್ನ ವಿರೋಧಿಸಿದವರು ಅಂದರೆ ಇದನ್ನೂ ಸೇರಿಸಿ ಹೇಳು, ಅದಕ್ಕೆ ಹೇಳಿದ್ದು. ಇನ್ನೊಂದು, ತೋಟದ ಮಾತು. ನೀನು ಕ್ರೈಸ್ತ ಆದೆ ಅಂತ ನಿನ್ನ ಪಾಲು ಹೋಗಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 26ನೇ ಕಲಂ ತಪ್ಪಿಸೋದು ನೀನು ಮತ ಬದಲಿಸಿದ ಮೇಲೆ ನಿನಗೆ ಹುಟ್ಟೋ ಮಕ್ಕಳನ್ನ. ಹಿಂದೂ ನೆಂಟರ ಆಸ್ತಿಗೆ ಅವರು ವಾರಸುದಾರರಾಗಲ್ಲ. ಅಪ್ಪ ಉಯಿಲು ಬರೆದರೆ ಬೇರೆ ಮಾತು. ಚಿಕ್ಕಪ್ಪ ಇದನ್ನೆಲ್ಲ ಯಾರನ್ನೋ ಕೇಳಿ ತಿಳಿದುಕೊಂಡಿದ್ದಾನೆ. ಬೆಲ್ಟ್ ತೆಗೆದದ್ದು ಬರೀ ದೇವರಿಗೋಸ್ಕರ ಅಂತ ನಾನು ನಂಬಲ್ಲ.

ತಮ್ಮ: ಆಸ್ತಿ ಬಗ್ಗೆ ನನಗೆ ಚಿಂತೆ ಇಲ್ಲ. ಆದರೆ ಮತ ಬಿಟ್ಟವನ ಹಕ್ಕು ಕಿತ್ತುಕೊಳ್ಳಬಾರದು ಅನ್ನೋ ಕಾಯಿದೆ ಬ್ರಿಟಿಷರ ಕಾಲದಲ್ಲೂ ಬಂದದ್ದು 1850ರಲ್ಲಿ. ಅದಕ್ಕೆ ಆರು ವರ್ಷ ಮೊದಲು ಮಂಗಳೂರಲ್ಲಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡ್ರು. ಸಾರಸ್ವತ ಬ್ರಾಹ್ಮಣರ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಜೊತೆಗೆ ಇನ್ನಿಬ್ಬರು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಹತ್ತಿರ ಓದಿದವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನ 1843ರಲ್ಲಿ ಶುರು ಮಾಡಿದ ಅದೇ ಮೊಗ್ಲಿಂಗ್. ಊರಿಗೆ ಊರೇ ಎದ್ದಿತು. ಕೌಂಡಿನ್ಯರು ಆಮೇಲೆ ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದ್ರು. ಕೊಡಗಿನಲ್ಲಿ ಹೊಲೆಯರಿಗೋಸ್ಕರ ಆನಂದಪುರ ಅಂತ ಊರು ಕಟ್ಟಿದ್ರು. ಮನೆಯಿಂದ ಹೊರಗೆ ಬಿದ್ದವರಿಗೆ ಕೆಲಸ ಬೇಕಲ್ಲ ಅಂತ ಮಿಷನ್ನಿನವರು ನೇಯ್ಗೆ ಶುರು ಮಾಡಿದ್ರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಇಟ್ಟರು. ಮಂಗಳೂರು ಹೆಂಚು ಶುರುವಾದದ್ದೇ ಹಾಗೆ. ತಮ್ಮ ಮನೆಯ ಬಾಗಿಲು ಮುಚ್ಚಿಸಿಕೊಂಡವರು ಬೇರೆಯವರ ಮನೆಗೆ ಸೂರು ಮಾಡಿಕೊಟ್ಟರು. ಅದನ್ನ ಯೋಚಿಸಿದಾಗ ನನಗೆ ಧೈರ್ಯ ಬರುತ್ತೆ.

ಅಕ್ಕ: ಆ ಕೌಂಡಿನ್ಯರಿಗೆ ಮದುವೆ ಆಗಿತ್ತಾ?

ತಮ್ಮ: ಆಗಿತ್ತು.

ಅಕ್ಕ: ಹೆಂಡತಿ?

ತಮ್ಮ: ಅವರ ಜೊತೆ ಬರಲಿಲ್ಲ. ವರ್ಷಗಟ್ಟಲೆ ಆದ ಮೇಲೆ ಅವರು ಜರ್ಮನಿಯ ಹೆಣ್ಣುಮಗಳನ್ನ ಮದುವೆ ಆದರು.

ಅಕ್ಕ: ಧೈರ್ಯದ ಕಥೆ ಹೇಳುವಾಗ ಅವಳನ್ನ ಬಿಟ್ಟು ಹೇಳಿದೆ ನೋಡು. ಆ ಕಾಲದಲ್ಲಿ ಗಂಡ ಬದುಕಿದ್ದೂ ಇಲ್ಲದವಳಾಗಿ ಉಳಿಯೋದು ಅಂದ್ರೇನು ಗೊತ್ತಾ? ನಂಬಿಕೆ ಪರೀಕ್ಷೆ ಆಯ್ತು ಅಂತ ಗಂಡಸಿನ ಬಗ್ಗೆ ಮಾತ್ರ ಬರೀತಾರೆ. ಮನೆಯಲ್ಲಿ ಉಳಿದವರೂ ಪರೀಕ್ಷೆಗೇ ಕೂತಿರ್ತಾರೆ. ಅವರು ಕೇಳದೇ ಬಂದ ಪರೀಕ್ಷೆ. ಲಕ್ಷ್ಮೀಬಾಯಿ ತಿಲಕ್ ‘ಸ್ಮೃತಿಚಿತ್ರೆ’ ಬರೆಯದೆ ಹೋಗಿದ್ದರೆ ಅವಳದ್ದೂ ನಮಗೆ ತಿಳೀತಿರಲಿಲ್ಲ.

(ಇಲ್ಲಿ ನಾನು ನಡುವೆ ಬರಬೇಕು, ಆ ಪುಸ್ತಕ ಓದದವರಿಗಾಗಿ. ನಾರಾಯಣ ವಾಮನ ತಿಲಕ್ ಮರಾಠಿಯ ದೊಡ್ಡ ಕವಿ, ಚಿತ್ಪಾವನ ಬ್ರಾಹ್ಮಣ. ರೈಲಿನಲ್ಲಿ ಸಹಪ್ರಯಾಣಿಕನೊಬ್ಬ ಕೊಟ್ಟ ಹೊಸ ಒಡಂಬಡಿಕೆಯನ್ನು ಓದುತ್ತಾ ಓದುತ್ತಾ ಮನಸ್ಸು ತಿರುಗಿ, 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿಗೆ ಸಿಡಿಲೆರಗಿದಂತಾಯಿತು. ಮಗನನ್ನು ಕಟ್ಟಿಕೊಂಡು ನೆಂಟರ ಆಸರೆಯಲ್ಲಿ ನಾಲ್ಕು ವರ್ಷಕ್ಕೂ ಮೇಲೆ ಗಂಡನಿಂದ ದೂರ ಬದುಕಿದಳು. ಕೊನೆಗೆ ಅವನಿರುವಲ್ಲಿಗೆ ಹೋದಳು, ಆದರೆ ತನ್ನ ಮಡಿ, ತನ್ನ ಅಡುಗೆ, ತನ್ನ ನೀರು ಬೇರೆಯಾಗಿಯೇ ಇಟ್ಟುಕೊಂಡು. ತಿಲಕರು ಅದಕ್ಕೆ ಅಡ್ಡಿಪಡಿಸಲಿಲ್ಲ. ಜಾತಿ ಎಂಬುದು ಮನುಷ್ಯ ಮಾಡಿದ್ದು ಎಂದು ಅವಳಿಗೆ ಅವಳೇ ಯೋಚಿಸಿ ಅನ್ನಿಸಿದ ಮೇಲೆ ಎಲ್ಲರ ಕೈಯ ನೀರು ಕುಡಿದಳು; 1900ರಲ್ಲಿ ತಾನಾಗಿ ದೀಕ್ಷಾಸ್ನಾನ ಪಡೆದಳು. ಆ ಪುಸ್ತಕದಲ್ಲಿ ಅವಳ ನೋವು, ಸಿಟ್ಟು, ಗಂಡನ ಮೇಲಿನ ಪ್ರೀತಿ ಎಲ್ಲವೂ ಮುಚ್ಚುಮರೆಯಿಲ್ಲದೆ ಇವೆ. ಕಾದವನು ಹೇಗೆ ಕಾದ ಎಂಬುದನ್ನು ತಿಳಿಯಲು ಕಾಯಿಸಿದವಳ ಮಾತೇ ಬೇಕಾಯಿತು.)

ತಮ್ಮ: ನೀನು ಹೇಳೋದು ಸರಿ. ನಮ್ಮ ಮನೆಯಲ್ಲಿ ತಂಗಿಗೆ ಬಂದಿದ್ದ ಸಂಬಂಧ ತಪ್ಪಿಹೋಯ್ತು ಅಂತ ಕೇಳಿದೆ.

ಅಕ್ಕ: ಹೋಯ್ತು. ಅರಸೀಕೆರೆಯವರು. ಎಲ್ಲ ಒಪ್ಪಿಗೆ ಆಗಿತ್ತು, ವೀಳ್ಯ ಶಾಸ್ತ್ರಕ್ಕೆ ದಿನ ನೋಡ್ತಿದ್ದರು. ಹುಡುಗಿ ಅಣ್ಣ ಪಾದ್ರಿಗಳ ಜೊತೆ ಸೇರಿದ್ದಾನಂತೆ ಅಂತ ಯಾರೋ ಹೇಳಿದ್ದಾರೆ. ಅವಳು ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಅದೇ ನನಗೆ ತಡೆಯೋಕಾಗಲ್ಲ.

ತಮ್ಮ: ಅದನ್ನ ನಾನು ಸರಿಮಾಡೋಕೆ ಆಗಲ್ಲ ಅಕ್ಕ. ರಾಯಚೂರಿನ ಹುಡುಗನದ್ದು ಪಾಪ, ಅದಕ್ಕೆ ಕ್ಷಮೆ ಕೇಳಬಹುದು. ಇದು ಪಾಪ ಅಲ್ಲ, ಆದರೂ ಅವಳಿಗೆ ನೋವಾಗಿದೆ, ನನ್ನಿಂದಲೇ ಆಗಿದೆ. ಇದಕ್ಕೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲ್ಲ.

ಅಕ್ಕ: ನಿಮ್ಮ ಸತ್ಯವೇದ ಏನು ಹೇಳುತ್ತೆ? ತಂದೆ ತಾಯಿಗಿಂತ ನನ್ನನ್ನ ಹೆಚ್ಚು ಪ್ರೀತಿಸು ಅಂತ ಯೇಸುವೇ ಹೇಳಿದ್ದಾನಂತಲ್ಲ. ಮಗನಿಗೂ ತಂದೆಗೂ ಭೇದ ಹುಟ್ಟಿಸೋಕೆ ಬಂದೆ ಅಂದಿದ್ದಾನಂತೆ. ಚಿಕ್ಕಪ್ಪನಿಗೆ ಅದೊಂದು ಮಾತ್ರ ಯಾರೋ ಓದಿ ಹೇಳಿದ್ದಾರೆ.

ತಮ್ಮ: ಇದೆ. ಮತ್ತಾಯನ ಹತ್ತನೇ ಅಧ್ಯಾಯದಲ್ಲಿದೆ. ಅದನ್ನ ನಾನು ಮುಚ್ಚಿಡಲ್ಲ, ಮೆತ್ತಗೂ ಮಾಡಲ್ಲ. ದೇವರು ಕರೆದಾಗ ಅಪ್ಪ ಬೇಡ ಅಂದ್ರೆ ನಿಲ್ಲೋಕಾಗಲ್ಲ, ಅಷ್ಟು ಸ್ಪಷ್ಟ. ಆದರೆ ಅದೇ ಯೇಸು ಮಾರ್ಕನ ಏಳನೇ ಅಧ್ಯಾಯದಲ್ಲಿ ಬೇರೆಯವರ ಮೇಲೆ ರೇಗ್ತಾನೆ. ಆಗ ‘ಕೊರ್ಬಾನ್’ ಅಂತ ಒಂದು ಪದ್ಧತಿ ಇತ್ತು. ನನ್ನ ಹತ್ತಿರ ಇರೋದು ದೇವರಿಗೆ ಮೀಸಲು ಅಂತ ಹೇಳಿಬಿಟ್ಟರೆ ತಂದೆ ತಾಯಿಗೆ ಕೊಡೋ ಹಂಗಿಲ್ಲ. ದೇವರ ಹೆಸರು ಹೇಳಿ ಅಪ್ಪ ಅಮ್ಮನ ಕೈ ಬಿಡೋದು ದೇವರ ಮಾತನ್ನೇ ರದ್ದು ಮಾಡಿದ ಹಾಗೆ ಅಂತಾನೆ ಅವನು. ಅವನ ಸ್ವಂತ ಮನೆಯವರೂ ಇವನಿಗೆ ಬುದ್ಧಿ ಕೆಟ್ಟಿದೆ ಅಂತ ಹಿಡಿದುಕೊಂಡು ಹೋಗೋಕೆ ಬಂದಿದ್ದರು. ಅಷ್ಟಾದರೂ ಶಿಲುಬೆ ಮೇಲೆ ಉಸಿರು ಹೋಗೋ ಹೊತ್ತಲ್ಲಿ ತಾಯಿಯನ್ನ ನೋಡಿಕೊಳ್ಳೋಕೆ ಒಬ್ಬ ಶಿಷ್ಯನಿಗೆ ಒಪ್ಪಿಸಿದ. ವಿರೋಧ ಬಂತು ಅನ್ನೋದು ನನ್ನ ನಂಬಿಕೆಗೆ ಪದಕ ಅಲ್ಲ. ವಿರೋಧ ಮಾಡಿದವರ ಹತ್ತಿರ ನಾನು ಹೇಗೆ ನಡೆದುಕೊಂಡೆ ಅನ್ನೋದರಲ್ಲೇ ನಾನು ಇವನನ್ನ ನಿಜವಾಗಿ ನಂಬಿದೆನೋ ಇಲ್ಲವೋ ಗೊತ್ತಾಗುತ್ತೆ. ಅದಕ್ಕೇ ತಿಂಗಳಿಗೆ ಹತ್ತು ಸಾವಿರ ಅವ್ವನ ಖಾತೆಗೆ ಹಾಕ್ತಿದ್ದೀನಿ.

ಅಕ್ಕ: ಅಪ್ಪ ಅದರಲ್ಲಿ ಒಂದು ರೂಪಾಯಿ ಮುಟ್ಟಿಲ್ಲ.

ತಮ್ಮ: ಗೊತ್ತು. ಆದರೂ ಹಾಕ್ತೀನಿ.

ಅಕ್ಕ: ದುಡ್ಡಲ್ಲ ಕಣೋ ಅವರ ಚಿಂತೆ. ತಮ್ಮ ಮಣ್ಣಿನ ಚಿಂತೆ. ಒಬ್ಬನೇ ಮಗ. ಸತ್ತರೆ ಮಡಕೆ ಹೊರೋರು ಯಾರು, ಬಾಯಿಗೆ ಹಾಲು ಬಿಡೋರು ಯಾರು ಅಂತ ರಾತ್ರಿ ನಿದ್ದೆ ಮಾಡಲ್ಲ. ನಾನು ಹೊರ್ತೀನಿ ಅಪ್ಪ, ಈಗ ಎಷ್ಟೋ ಕಡೆ ಹೆಣ್ಣುಮಕ್ಕಳು ಹೊರ್ತಾರೆ ಅಂದೆ. ಅವರು ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ‘ನೀನು ಮಡಕೆ ಹೊತ್ತರೆ, ಅವನು ಆಗ ಎಲ್ಲಿ ನಿಂತಿರ್ತಾನೆ?’ ಅಂತ.

ತಮ್ಮ: ಹೆಗಲು ಕೊಡ್ತೀನಿ. ಗುಂಡಿ ತೋಡ್ತೀನಿ. ಮಣ್ಣು ಹಾಕ್ತೀನಿ. ಬೇರೆ ಯಾರಿಗೂ ಚಟ್ಟದ ಮುಂದಿನ ಬಿದಿರು ಬಿಟ್ಟುಕೊಡಲ್ಲ.

ಅಕ್ಕ: ಮಡಕೆ?

ತಮ್ಮ: ಅದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಸುಳ್ಳು ಉತ್ತರ ಕೊಡಲ್ಲ.

ಅಕ್ಕ: ಅದು ಬಿಡು, ದೇವರು ಆಯಸ್ಸು ಕೊಟ್ಟಿದ್ದಾನೆ. ಅಮಾವಾಸ್ಯೆ ಮಾತಾಡು. ಊಟ ಮಾಡ್ತೀಯಾ? ಎಡೆಗೆ ಇಟ್ಟದ್ದು ಮುಟ್ಟಬಾರದು ಅಂತ ನಿಮ್ಮವರು ಹೇಳ್ತಾರಂತೆ.

ತಮ್ಮ: ಹೇಳ್ತಾರೆ. ಈ ಜಗಳ ಎರಡು ಸಾವಿರ ವರ್ಷದ್ದು. ಕೊರಿಂಥ ಊರಲ್ಲಿ ಗುಡಿಗೆ ಬಲಿ ಕೊಟ್ಟ ಮಾಂಸವೇ ಅಂಗಡಿಗೆ ಬರ್ತಿತ್ತು. ನಂಬಿದವರಲ್ಲಿ ತಿನ್ನಬಹುದು ಅನ್ನೋರು ಒಂದು ಕಡೆ, ಬಾರದು ಅನ್ನೋರು ಒಂದು ಕಡೆ. ಪೌಲ ಅವರಿಗೆ ಬರೆದ ಪತ್ರದಲ್ಲಿ ಮೂರು ಅಧ್ಯಾಯ ಇದರ ಸುತ್ತಲೇ ಇದೆ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನ ವಿಚಾರಿಸದೆ ಉಣ್ಣಿ, ಇದು ನೈವೇದ್ಯ ಅಂತ ಯಾರಾದರೂ ಎತ್ತಿ ಹೇಳಿದರೆ ಮಾತ್ರ ಅವರ ಮನಸ್ಸಾಕ್ಷಿಗೋಸ್ಕರ ಬಿಡಿ ಅಂತಾನೆ. ಅವ್ವ ಪಾತ್ರೆಯಿಂದ ಬಡಿಸಲಿ, ಎಷ್ಟು ಬೇಕಾದರೂ ಉಣ್ತೀನಿ. ಎಡೆಯ ಎಲೆಯಿಂದ ತೆಗೆದು ಪ್ರಸಾದ ಅಂತ ಕೊಟ್ಟರೆ ಕೈ ಮುಗಿದು ಬೇಡ ಅಂತೀನಿ.

ಅಕ್ಕ: ಅವ್ವನಿಗೆ ನಾನು ಹೇಳಿರ್ತೀನಿ, ಪಾತ್ರೆಯಿಂದ ಬಡಿಸು ಅಂತ. ಅಡ್ಡ ಬೀಳೋದು?

ತಮ್ಮ: ನಾಮಾನ ಅಂತ ಒಬ್ಬ ದಂಡನಾಯಕ ಇದ್ದ, ಅರಾಮ್ ದೇಶದವನು. ಎಲೀಷ ಪ್ರವಾದಿಯ ಮಾತು ಕೇಳಿ ಯೊರ್ದನಿನಲ್ಲಿ ಮುಳುಗಿ ಕುಷ್ಠ ವಾಸಿಯಾಗಿ, ಇನ್ನು ನಿನ್ನ ದೇವರೇ ನನ್ನ ದೇವರು ಅಂದ. ಆಮೇಲೆ ಒಂದು ಅಳುಕು ಹೇಳಿಕೊಂಡ. ನಮ್ಮ ರಾಜ ಪೂಜೆಗೆ ರಿಮ್ಮೋನನ ಗುಡಿಗೆ ಹೋದಾಗ ನನ್ನ ಕೈ ಊರಿಕೊಳ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತೆ, ಅದೊಂದನ್ನ ದೇವರು ಮನ್ನಿಸಲಿ ಅಂದ. ಎಲೀಷ ಬೈಯಲಿಲ್ಲ. ಸಮಾಧಾನದಿಂದ ಹೋಗು ಅಂದ.

ಅಕ್ಕ: ಹಾಗಾದರೆ ನೀನೂ ಬಗ್ಗಬಹುದು!

ತಮ್ಮ: ನಾನಾಗಿ ಬಗ್ಗಲ್ಲ. ಅಪ್ಪನ ಮಂಡಿ ಹೇಗಿದೆ ಈಗ?

ಅಕ್ಕ: ಕೂತರೆ ಏಳೋಕಾಗಲ್ಲ. ಹೋದ ವರ್ಷ ಎಡೆ ಮುಂದೆ ಬಗ್ಗೋಕೆ ಚಿಕ್ಕಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡಿದ್ವಿ.

ತಮ್ಮ: ಈ ವರ್ಷ ಚಿಕ್ಕಪ್ಪನ ಜಾಗದಲ್ಲಿ ನಾನು ಹಿಡಿದುಕೊಳ್ತೀನಿ. ಅಪ್ಪ ಎಷ್ಟು ಬಗ್ತಾರೋ ಅಷ್ಟು ನಾನೂ ಬಗ್ಗಬೇಕಾಗುತ್ತೆ, ಎದ್ದಾಗ ಏಳ್ತೀನಿ. ಕೈ ಮುಗಿಯಲ್ಲ, ಕೈಯಲ್ಲಿ ಅಪ್ಪ ಇರ್ತಾರೆ.

ಅಕ್ಕ: ನೋಡಿದವರು ಮಗ ದಾರಿಗೆ ಬಂದ ಅಂತಾರೆ. ನಿಮ್ಮ ಸಭೆಯವರು ಜಾರಿಬಿದ್ದ ಅಂತಾರೆ.

ತಮ್ಮ: ಅದಕ್ಕೇ ಇಬ್ಬರಿಗೂ ಮೊದಲೇ ಹೇಳಿರ್ತೀನಿ. ಅಪ್ಪನಿಗೆ ಮುಖ ನೋಡಿ ಹೇಳಬೇಕು, ನಾನು ಎಡೆಗೆ ಬಗ್ತಿಲ್ಲ, ನಿಮ್ಮನ್ನ ಹಿಡಿದುಕೊಂಡಿದ್ದೀನಿ ಅಂತ. ತಿಳಿಯದೆ ಅವರು ಖುಷಿಪಡಬಾರದು, ಅದು ಮೋಸ. ಅವರು ಬೇಡ ಅಂದರೆ ಜಗಲಿಯಲ್ಲಿ ನಿಂತಿರ್ತೀನಿ. ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಅಲ್ಲೇ ತಾನೇ ನಿಲ್ಲೋದು? ಅಜ್ಜನ ನೆನಪು ನನಗೂ ಇದೆ.

ಅಕ್ಕ: ಚಿಕ್ಕಪ್ಪ ಮತ್ತೆ ಕೈ ಎತ್ತಿದರೆ?

ತಮ್ಮ: ನೀನು ಇರ್ತೀಯಲ್ಲ.

ಅಕ್ಕ: ಇರ್ತೀನಿ. ಅವನಿಗೆ ನಾಳೆಯೇ ಫೋನ್ ಮಾಡಿ ಯಾವ ಕಲಮಿನಲ್ಲಿ ಏನು ಶಿಕ್ಷೆ ಅಂತ ಹೇಳಿರ್ತೀನಿ. ಆದರೆ ಅಪ್ಪನ ಹತ್ತಿರ ಈ ಮಾತೆಲ್ಲ ನೀನೇ ಆಡಬೇಕು. ಅಲ್ಲಿ ನಾನು ನಿನ್ನ ಪರ ವಕಾಲತ್ತು ಹಾಕಲ್ಲ, ಅವರ ಪರವೂ ಹಾಕಲ್ಲ. ಹಿಂದಿನ ದಿನ ಸಂಜೆಯೇ ಬಂದುಬಿಡು, ಬೆಳಗ್ಗೆ ಎಲೆ ಕೊಯ್ಯೋಕೆ ಆಳು ಸಿಗಲ್ಲ.